ಹೌದು, ಜೊತೆಗೆ

ಒಂದು ಊರಿನಲ್ಲಿ ಬೇಡ ಎನ್ನುವ ಮಾತೇ ಇರಲಿಲ್ಲ.

ಮೊದಲು ಇತ್ತು. ಹೊಳೆ ಉಕ್ಕುವ ಕಾಲದಲ್ಲಿ ಒಮ್ಮೆ ಯಾರೋ ಒಬ್ಬ ಬಡವ ಬಂದು, ಮೇಲಿನ ತಿರುವಿನಲ್ಲಿ ಒಂದು ಒಡ್ಡು ಕಟ್ಟೋಣ ಎಂದನಂತೆ. ಊರಿನ ಹಿರಿಯನೊಬ್ಬ ಅವನ ಮುಖ ಕೂಡ ನೋಡದೆ ಬೇಡ ಎಂದನಂತೆ. ಆ ವರ್ಷ ಹೊಳೆ ಕೆಳಗೇರಿಯ ಒಂದು ಸಾಲು ಮನೆಗಳನ್ನು ಜನರ ಸಮೇತ ಎತ್ತಿಕೊಂಡು ಹೋಯಿತು. ಸಿಕ್ಕಿದ ಹೆಣಗಳನ್ನು ಸುಟ್ಟು ಬಂದ ಮೇಲೆ ಊರವರು ಸಿಟ್ಟಿನಿಂದ ಕುದಿಯುತ್ತಾ ಸಭೆ ಸೇರಿದರು. ಹಿರಿಯನನ್ನು ಏನೂ ಮಾಡಲಿಲ್ಲ, ಅವನು ದೊಡ್ಡ ಮನೆಯವನು. ಅವನು ಆಡಿದ ಮಾತನ್ನು ಹಿಡಿದು ಊರಾಚೆ ಹಾಕಿದರು.

ಅಂದಿನಿಂದ ಆ ಊರಿನಲ್ಲಿ ಯಾರು ಏನೇ ಹೇಳಲಿ, ಉತ್ತರ ಒಂದೇ. ‘ಹೌದು, ಜೊತೆಗೆ’ ಎನ್ನಬೇಕು. ಹಾಗೆ ಹೇಳಿ, ಅವರ ಮಾತಿಗೆ ತನ್ನದೊಂದನ್ನು ಸೇರಿಸಬೇಕು. ಯಾರ ಮಾತೂ ಬಿದ್ದುಹೋಗಬಾರದು, ಯಾರ ಮುಖವೂ ಬಾಡಬಾರದು. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ನೋಡಿ.

ಮಾತು ಹೋದರೆ ಹೋಯಿತು, ಬೇಡವಾದದ್ದು ಹೋಗುತ್ತದೆಯೇ? ಮದುವೆ ಊಟದಲ್ಲಿ ಪಾಯಸದವನು ಬಂದರೆ ಹೊಟ್ಟೆ ತುಂಬಿದವರು ಎಲೆಗೆ ಎರಡೂ ಕೈ ಅಡ್ಡ ಹಿಡಿದು ಚಪ್ಪರ ನೋಡುತ್ತಾ ಕೂರುತ್ತಿದ್ದರು. ಅವನು ಬೆರಳ ಸಂದಿಯಲ್ಲೇ ಬಡಿಸಿ ಮುಂದೆ ಹೋಗುತ್ತಿದ್ದ. ಒಲ್ಲದ ಗಂಡನ್ನು ಗೊತ್ತು ಮಾಡಿದರೆ ಹುಡುಗಿ ತಲೆಬಾಗಿ ಹೌದು ಎನ್ನುತ್ತಿದ್ದಳು. ಜೊತೆಗೆ, ಅವರ ಮನೆಯ ಬಾವಿ ಎಷ್ಟು ಆಳ ಎಂದು ಕೇಳುತ್ತಿದ್ದಳು.

ಗುಡ್ಡದ ನೆತ್ತಿಯಲ್ಲಿ ಒಂದು ಚಾವಡಿ ಇತ್ತು. ಹೊಳೆಯ ಕಡೆಗೆ ಅದಕ್ಕೊಂದು ಕಿಟಕಿ. ಹೊಳೆ ಏರಿದಾಗ ಗಂಟೆ ಬಾರಿಸುತ್ತಿದ್ದರು, ಊರೆಲ್ಲ ಚಾವಡಿಗೆ ಬಂದು ಕಿಟಕಿಗೆ ಬೆನ್ನು ಕೊಟ್ಟು ಕೂರುತ್ತಿತ್ತು. ನೀರು ಕಂಡರೆ ಹೆದರಿಕೆ ಹುಟ್ಟುತ್ತದೆ, ಹೆದರಿದವರ ತಲೆಗೆ ಉಪಾಯ ಹೊಳೆಯುವುದಿಲ್ಲ ಎಂದು ಅವರ ನಂಬಿಕೆ. ಎದುರಿಗೆ, ಕಿಟಕಿಗೆ ಮುಖ ಮಾಡಿ ಕೂರುವವಳು ಒಬ್ಬಳೇ. ಅವಳನ್ನು ಸುತ್ತಿನಮ್ಮ ಎನ್ನುತ್ತಿದ್ದರು. ಅವಳು ದೀಪ ಹಚ್ಚುತ್ತಿದ್ದಳು, ಒಂದು ಮರದ ಗೂಟಕ್ಕೆ ನೂಲು ಸಿಕ್ಕಿಸಿ ಮೊದಲನೆಯವರ ಕೈಗೆ ಕೊಡುತ್ತಿದ್ದಳು. ಒಬ್ಬರು ಉಪಾಯ ಹೇಳಬೇಕು, ನೂಲು ಸುತ್ತಿ ಪಕ್ಕದವರಿಗೆ ದಾಟಿಸಬೇಕು. ಪಕ್ಕದವರು ಹೌದು, ಜೊತೆಗೆ ಎಂದು ತಮ್ಮದನ್ನು ಸೇರಿಸಿ ನೂಲು ಸುತ್ತಬೇಕು. ಹೀಗೆ ಉಂಡೆ ದಪ್ಪವಾಗುತ್ತಾ ಎಲ್ಲರ ಕೈಯಲ್ಲೂ ಆಡಿ ಸುತ್ತಿನಮ್ಮನ ಕೈಗೆ ಮರಳಿದಾಗ, ಅವಳು ಕೊನೆಯದೊಂದನ್ನು ಸೇರಿಸಿ ಗಂಟು ಹಾಕಿದರೆ ಉಪಾಯ ಹಣ್ಣಾದಂತೆ. ಹಣ್ಣಾಗದ ಉಪಾಯಕ್ಕೆ ಯಾರೂ ಕೈ ಹಾಕುವ ಹಾಗಿಲ್ಲ, ಸುತ್ತಿದ್ದನ್ನು ಯಾರೂ ಬಿಚ್ಚುವ ಹಾಗಿಲ್ಲ. ಒಬ್ಬರು ಸೇರಿಸಿದ್ದನ್ನು ತೆಗೆದರೆ ಅವರಿಗೆ ಬೇಡ ಎಂದ ಹಾಗಾಗುತ್ತದಲ್ಲ.

ಹಣ್ಣಾದ ಉಪಾಯಗಳ ಪುಟ್ಟ ಮಾದರಿಗಳನ್ನು ಮರದಲ್ಲಿ, ಮಣ್ಣಿನಲ್ಲಿ ಮಾಡಿ ಚಾವಡಿಯ ಪಕ್ಕದ ಕೋಣೆಯಲ್ಲಿ ಇಡುತ್ತಿದ್ದರು. ಕಾಲಿರುವ ಮನೆ ಇತ್ತು. ಇಡೀ ಬೀದಿಗೆ ಹಿಡಿಯುವ ಕೊಡೆ ಇತ್ತು. ದನಗಳ ಹೊಟ್ಟೆಗೆ ಕಟ್ಟುವ ಸೋರೆ ಬುರುಡೆ, ನೀರನ್ನು ಮಾತಾಡಿಸಿ ವಾಪಸು ಕಳಿಸುವ ಕೊಳಲು, ಒಲೆ ಸಮೇತ ಮೇಲೇಳುವ ಅಡುಗೆಮನೆ, ಎಲ್ಲ ಇದ್ದವು. ಪರಊರಿನವರು ಬಂದು ನೋಡಿ ಮೂಗಿನ ಮೇಲೆ ಬೆರಳಿಡುತ್ತಿದ್ದರು. ಕೆಳಗೇರಿ ವರ್ಷಾ ವರ್ಷ ಮುಳುಗುತ್ತಿತ್ತು, ಕೋಣೆಗೆ ವರ್ಷಾ ವರ್ಷ ಹೊಸ ಹಲಗೆ ಹೊಡೆಯುತ್ತಿದ್ದರು.

ಈ ಕಥೆಯ ಕಾಲದ ಸುತ್ತಿನಮ್ಮ ಆ ಪೀಠದಲ್ಲಿ ಕೂತು ತಲೆ ನರೆಸಿಕೊಂಡವಳು. ಅವಳ ಬಾಯಲ್ಲಿ ಹೌದು ಎನ್ನುವ ಮಾತು ಕೇಳಬೇಕೆಂದೇ ಜನ ಚಾವಡಿಗೆ ಬರುತ್ತಿದ್ದರು. ಎಂಥ ಪೆದ್ದ ಏನೇ ಒದರಲಿ, ಅವಳು ಅವನ ಕಡೆ ತಿರುಗಿ ಹೌದು ಎಂದರೆ ಅವನು ಎದೆಯುಬ್ಬಿಸಿಕೊಂಡು ಮನೆಗೆ ಹೋಗುತ್ತಿದ್ದ. ಅದೊಂದು ಪುಣ್ಯದ ಕೆಲಸ ಎಂದು ಅವಳು ತಿಳಿದಿದ್ದಳು.

ಅವಳಿಗೆ ಒಬ್ಬಳೇ ಮಗಳು. ಕೆಳಗೇರಿಗೆ ಕೊಟ್ಟಿದ್ದಳು. ಮಗಳು ಚೊಚ್ಚಲ ಬಸುರಿಯಾದಾಗ ಹೆರಿಗೆಗೆ ತವರಿಗೆ ಕರೆತರಬೇಕಾಗಿತ್ತು, ಎಲ್ಲ ಊರುಗಳ ಹಾಗೆ ಅಲ್ಲೂ ಅದೇ ಪದ್ಧತಿ. ಆದರೆ ಮನೆಯಲ್ಲಿ ಹೆರಿಗೆಯಾದರೆ ಸೂತಕ. ಸೂತಕದವಳು ಚಾವಡಿಯ ದೀಪ ಮುಟ್ಟುವ ಹಾಗಿಲ್ಲ. ಹೊಳೆ ಏರುವ ಕಾಲ ಬೇರೆ ಹತ್ತಿರ ಬಂದಿತ್ತು.

“ಅಲ್ಲೇ ಇದ್ದುಬಿಡು ಮಗಾ. ನಿಮ್ಮತ್ತೆ ನೋಡ್ಕೋತಾರೆ. ಮಗೂನ ತೊಟ್ಟಿಲಿಗೆ ಹಾಕೋ ದಿನ ನಾನೇ ಬರ್ತೀನಿ” ಎಂದಿದ್ದಳು ಸುತ್ತಿನಮ್ಮ.

ಮಗಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ತಾಯಿಯ ಮುಖ ನೋಡಿದಳು. ಬೇರೆ ಊರಿನ ಮಗಳಾಗಿದ್ದರೆ ಜಗಳ ತೆಗೆಯುತ್ತಿದ್ದಳು. “ಹೌದವ್ವ. ಜೊತೆಗೆ ನಮ್ಮ ತೊಟ್ಟಿಲೂ ತಗೊಂಡು ಬಾ” ಎಂದಳು.

ಬೀಟೆ ಮರದ ತೊಟ್ಟಿಲು ಅದು. ಹಿತ್ತಾಳೆ ಸರಪಳಿ, ನಾಲ್ಕು ಮೂಲೆಗೆ ನಾಲ್ಕು ಗಿಳಿ. ಮಗಳನ್ನು ಮಲಗಿಸಿದ್ದೂ ಅದರಲ್ಲೇ, ಸುತ್ತಿನಮ್ಮನನ್ನು ಮಲಗಿಸಿದ್ದೂ ಅದರಲ್ಲೇ. ಇಬ್ಬರು ಗಂಡಸರಿಲ್ಲದೆ ಅದು ಜಾಗ ಬಿಟ್ಟು ಕದಲುತ್ತಿರಲಿಲ್ಲ. ಹೆಣ್ಣುಮಗು ಹುಟ್ಟಿದ ಸುದ್ದಿ ಬಂದ ದಿನ ಸುತ್ತಿನಮ್ಮ ಅದನ್ನು ಆಳುಗಳ ಕೈಲಿ ಅಟ್ಟದಿಂದ ಇಳಿಸಿಸಿ, ಎಣ್ಣೆ ಹಚ್ಚಿ ಒರೆಸಿ, ಜಗಲಿಯಲ್ಲಿ ಇಟ್ಟುಕೊಂಡು ಕಾಯುತ್ತಿದ್ದಳು. ತೊಟ್ಟಿಲಿಗೆ ಹಾಕುವ ದಿನ ಬರುವ ಮೊದಲೇ ಹೊಳೆ ಬಂತು.

ಬೆಳಿಗ್ಗೆ ಗಂಟೆ ಬಾರಿಸಿತು. ಕೆಳಗೇರಿಯವರು ಗಂಟುಮೂಟೆ ಹೊತ್ತು, ಕೋಳಿಗಳನ್ನು ಕಂಕುಳಲ್ಲಿ ಅವಚಿಕೊಂಡು ಗುಡ್ಡ ಹತ್ತಿದರು. ಎಲ್ಲರ ಹಿಂದೆ ಸೊಂಟದವರೆಗೆ ನೆನೆದು ಏದುಸಿರು ಬಿಡುತ್ತಾ ಬಂದವಳು ಮಗಳ ಅತ್ತೆ, ಸುತ್ತಿನಮ್ಮನಿಗೆ ಬೀಗಿತಿ.

“ಅಕ್ಕಾ, ಬಾಣಂತಿ ಮಾಳಿಗೆ ಮೇಲಿದ್ದಾಳೆ” ಎಂದಳು. “ಅವಳ ಕೈಲಿ ನಡೆಯೋಕಾಗಲಿಲ್ಲ, ನನ್ನ ಕೈಲಿ ಹೊರೋಕಾಗಲಿಲ್ಲ. ಏಣಿ ಹತ್ತಿಸಿ ಕೂರಿಸಿ ಬಂದೆ. ನನ್ನ ಮಗ ನೋಡಿದ್ರೆ ದಿಮ್ಮಿ ತರೋಕೆ ಮೇಲಿನ ಕಾಡಿಗೆ ಹೋಗವ್ನೆ.”

“ಮಗು?”

“ಮಡಿಲಲ್ಲಿದೆ.”

ಸುತ್ತಿನಮ್ಮ ಇಳಿಜಾರಿನಲ್ಲಿ ಬಿದ್ದು ಎದ್ದು ದಡಕ್ಕೆ ಓಡಿದಳು. ಅಲ್ಲಿ ದೋಣಿಕಾರ ಆಗಲೇ ಹಗ್ಗ ಬಿಚ್ಚುತ್ತಿದ್ದ. ಮೀನು ಹಿಡಿಯುವ ಸಣ್ಣ ದೋಣಿ, ಅವನನ್ನು ಬಿಟ್ಟರೆ ಇಬ್ಬರಿಗೆ ಜಾಗ. ನೀರು ಆಗಿನ್ನೂ ಕೆಳಗೇರಿಯ ಮೆಟ್ಟಿಲುಗಳ ಮೇಲಿತ್ತು. ಮಗಳ ಮಾಳಿಗೆ ಕಣ್ಣೆದುರಿಗೇ ಕಾಣುತ್ತಿತ್ತು. ಅದರ ಮೇಲೆ ಒಂದು ಕೆಂಪು ಸೆರಗು ಅಲ್ಲಾಡುತ್ತಿತ್ತು.

“ಎಲ್ಲಿಗಪ್ಪಾ ಹೊರಟೆ?”

“ನಿಮ್ಮ ಮಗಳನ್ನ ಕರ್ಕೊಂಬರೋಕೆ ತಾಯಿ. ಹಿಂಗೆ ಹೋಗಿ ಹಂಗೆ ಬಂದುಬಿಡ್ತೀನಿ.”

ಅವನ ಒಂದು ಕಾಲು ದೋಣಿಯಲ್ಲಿತ್ತು. ಹೋಗಪ್ಪಾ ಎಂದಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು, ನನಗೆ ಇಷ್ಟು ಹೊಟ್ಟೆ ಉರಿಸಿಕೊಂಡು ಹೇಳುವ ಕೆಲಸವೂ ಇರುತ್ತಿರಲಿಲ್ಲ. ಸುತ್ತಿನಮ್ಮನಿಗೆ ಗಂಟಲವರೆಗೆ ಬಂದದ್ದು ಅದೇ ಮಾತು. ಅಷ್ಟರಲ್ಲಿ ಬೆನ್ನ ಹಿಂದೆ ಗುಡ್ಡ ಹತ್ತುತ್ತಿದ್ದ ಜನರ ದನಿ ಕೇಳಿಸಿತು. ಹೋದ ವರ್ಷ, ಅದರ ಹಿಂದಿನ ವರ್ಷ, ಅವಳು ಎಷ್ಟು ತಾಯಂದಿರನ್ನು ಕೂರಿಸಿಕೊಂಡು ಸಮಾಧಾನ ಹೇಳಿ ಸುತ್ತು ಮುಗಿಸಿದ್ದಳು! ಈಗ ತನ್ನ ಮಗಳಿಗೆ ಬಂದಾಗ ಸುತ್ತಿಲ್ಲ, ದೀಪವಿಲ್ಲ ಎಂದರೆ ಆ ತಾಯಂದಿರು ಏನೆಂದುಕೊಂಡಾರು?

“ಮೇಲೆ ಬಾ. ಉಪಾಯ ಹಣ್ಣಾಗಲಿ. ಒಂದೇ ಒಂದು ಸುತ್ತು” ಎಂದಳು.

ದೋಣಿಕಾರನನ್ನು ಚಾವಡಿಗೆ ಬಾ ಎಂದು ಅದುವರೆಗೆ ಯಾರೂ ಕರೆದಿರಲಿಲ್ಲ. ಅವನ ಮುಖ ಅರಳಿತು. ಹಗ್ಗವನ್ನು ಮತ್ತೆ ಗೂಟಕ್ಕೆ ಬಿಗಿದು, ಕಾಲು ತೊಳೆದುಕೊಂಡು, ತಲೆಗೆ ಒದ್ದೆ ರುಮಾಲನ್ನೇ ಸುತ್ತಿಕೊಂಡು ಅವಳ ಹಿಂದೆ ಹೊರಟ.

ದೀಪ ಹಚ್ಚಿದ್ದಾಯಿತು. ಊರು ಕಿಟಕಿಗೆ ಬೆನ್ನು ಕೊಟ್ಟು ಕೂತಿತು. ಸುತ್ತಿನಮ್ಮ ಕಿಟಕಿಗೆ ಮುಖ ಮಾಡಿ ಕೂತಳು. ಕಿಟಕಿಯೊಳಗೆ ಹೊಳೆ, ಹೊಳೆಯೊಳಗೆ ಮಾಳಿಗೆ, ಮಾಳಿಗೆಯ ಮೇಲೆ ಕೆಂಪು ಸೆರಗು.

ದೋಣಿಕಾರ ನೂಲು ಹಿಡಿದು, “ನನ್ನತ್ರ ದೋಣಿ ಐತೆ. ಹೋಗಿ ಕರ್ಕೊಂಬರ್ತೀನಿ” ಎಂದ.

ಚಾವಡಿಯೆಲ್ಲ ಒಂದೇ ದನಿಯಲ್ಲಿ ಹೌದು ಎಂದಿತು. ಎಷ್ಟು ಸರಳವಾದ ಉಪಾಯ, ಇಷ್ಟು ವರ್ಷ ನಮಗೆ ಯಾಕೆ ಹೊಳೆಯಲಿಲ್ಲ ಎಂದು ಹಲವರು ಕಣ್ಣೊರೆಸಿಕೊಂಡರು. ದೋಣಿಕಾರ ನಾಚಿ ನೆಲ ನೋಡಿದ. ನೂಲು ದರ್ಜಿಯ ಕೈಗೆ ಹೋಯಿತು.

“ಹೌದು. ಜೊತೆಗೆ ದೋಣಿಗೊಂದು ಮೇಲ್ಕಟ್ಟು. ಬಾಣಂತಿ ತಲೆಗೆ ಮಳೆ ಹನಿ ಬೀಳಬಾರದು” ಎಂದ ದರ್ಜಿ.

ಕಿಟಕಿಯಲ್ಲಿ ನೀರು ಮಗಳ ಮನೆಯ ಜಗಲಿ ನುಂಗಿತು.

“ಹೌದು. ಜೊತೆಗೆ ಒಂದು ಒಲೆ, ಒಂದು ಹಂಡೆ” ಎಂದಳು ಬೀಗಿತಿ ಅಳುತ್ತಾ. “ತಣ್ಣೀರು ಸೋಕಿದ್ರೆ ಸನ್ನಿಯಾಗುತ್ತೆ. ಬಿಸಿನೀರು ಬೇಕೇ ಬೇಕು.”

ನೀರು ಬಾಗಿಲಿನ ಅರ್ಧಕ್ಕೆ ಬಂತು.

“ಹೌದು. ಜೊತೆಗೆ ಗಂಟೆ. ದೋಣಿ ಎಲ್ಲಿದೆ ಅಂತ ದಡದಲ್ಲಿರೋರಿಗೆ ತಿಳೀಬೇಕಲ್ಲ” ಎಂದ ಗಂಟೆಯವನು.

“ಹೌದು. ಜೊತೆಗೆ ಒಂದು ಲಂಗರುಗಲ್ಲು” ಎಂದ ಕಲ್ಲುಕುಟಿಗ. “ಸೆಳವಿಗೆ ಸಿಕ್ಕಿ ಕೊಚ್ಕೊಂಡು ಹೋದ್ರೆ? ಒಳ್ಳೇ ಕರೀಕಲ್ಲು ಕೊಡ್ತೀನಿ, ನನ್ನ ಮನೆ ಮುಂದಿರೋದು.”

ಬಾಗಿಲು ಹೋಯಿತು. ಕಿಟಕಿಯ ಸರಳುಗಳು ಹೋದವು. ಕೆಂಪು ಸೆರಗು ಅಲ್ಲಾಡುತ್ತಲೇ ಇತ್ತು.

 ಸ್ವಲ್ಪ ಬೇಗ ಎನ್ನಬೇಕು ಎಂದು ಸುತ್ತಿನಮ್ಮನಿಗೆ ಎನಿಸುತ್ತಿತ್ತು. ಆದರೆ ಮಾತಾಡುತ್ತಿದ್ದವರ ಮುಖಗಳನ್ನು ನೋಡಿದರೆ ಒಂದರಲ್ಲೂ ಕಪಟವಿಲ್ಲ. ಎಲ್ಲರೂ ಅವಳ ಮಗಳಿಗಾಗಿಯೇ ತಲೆ ಕೆಡಿಸಿಕೊಳ್ಳುತ್ತಿದ್ದರು. ಕೆಟ್ಟವರಾಗಿದ್ದರೆ ಬೈಯಬಹುದಿತ್ತು. ಅವಳು ಒಬ್ಬೊಬ್ಬರ ಕಡೆಗೂ ತಿರುಗಿ, ಅಭ್ಯಾಸ ತಪ್ಪದೆ, ಹೌದು ಎಂದಳು.

ಮೇಷ್ಟ್ರು ನೂಲನ್ನು ಬಹಳ ಹೊತ್ತು ಕೈಯಲ್ಲಿ ಇಟ್ಟುಕೊಂಡರು. “ಹೌದು. ಜೊತೆಗೆ ನನಗೊಂದು ಪೀಠ” ಎಂದರು. “ನನಗೋಸ್ಕರ ಅಲ್ಲ. ಇದನ್ನೆಲ್ಲ ಯಾರಾದರೂ ಕಣ್ಣಾರೆ ನೋಡಿ ಮುಂದಿನವರಿಗೆ ಕಲಿಸಬೇಕಲ್ಲವೇ? ನೋಡದೆ ಇದ್ದರೆ ಮುಂದಿನ ಹೊಳೆಗೂ ನಾವು ಇದೇ ಕಷ್ಟ ಪಡಬೇಕು.”

ಆ ಮಾತಿಗೆ ಎಲ್ಲರೂ ತಲೆದೂಗಿದರು. ಉಂಡೆ ಮುಂದೆ ಸಾಗಿತು. ಯಾರೋ ಕಟಕಟೆ ಸೇರಿಸಿದರು, ಯಾರೋ ದೀಪದ ಕಂಬ ಸೇರಿಸಿದರು, ಯಾರೋ ದೃಷ್ಟಿ ತಾಗದಿರಲೆಂದು ಬೂದುಗುಂಬಳ ಸೇರಿಸಿದರು. ಉಂಡೆ ಎರಡು ಕೈಯಲ್ಲಿ ಹಿಡಿಯುವಷ್ಟು ದಪ್ಪವಾಯಿತು. ಅಷ್ಟು ನೂಲನ್ನು ಹೊಸೆದಿದ್ದರೆ ದಡದಿಂದ ಮಾಳಿಗೆಗೆ ಹಗ್ಗವಾಗುತ್ತಿತ್ತು, ಅದು ಬೇರೆ ಮಾತು. ದೋಣಿಕಾರ ಆ ಹೊತ್ತಿಗೆ ಸಂತೋಷದಲ್ಲಿ ತೇಲುತ್ತಿದ್ದ. ಎದ್ದು ನಿಂತು ತಾನೇ ತನ್ನ ಉಪಾಯಕ್ಕೆ, “ಹೌದು, ಜೊತೆಗೆ ಮುಂದುಗಡೆ ಒಂದು ಹಂಸದ ತಲೆ” ಎಂದ. ಬೆಳಿಗ್ಗೆ ಹಿಂಗೆ ಹೋಗಿ ಹಂಗೆ ಬರುತ್ತೇನೆ ಎಂದವನು ಇವನೇ.

ಕೊನೆಗೆ ಉಂಡೆ ಸುತ್ತಿನಮ್ಮನ ಮಡಿಲಿಗೆ ಬಂತು.

ಅವಳೂ ಏನಾದರೂ ಸೇರಿಸಲೇಬೇಕು. ಇಂಥದ್ದೇ ಎಂದೇನಿಲ್ಲ. ಹಿಂದಿನ ಸುತ್ತಿನಮ್ಮ ಒಮ್ಮೆ ಅವಸರಕ್ಕೆ ಒಂದು ಚಿಟಿಕೆ ಅರಿಶಿನ ಸೇರಿಸಿ ಗಂಟು ಹಾಕಿದ್ದನ್ನು ಇವಳೇ ಕಂಡಿದ್ದಳು. ಅರಿಶಿನ ಎಂದರೆ ಮುಗಿಯಿತು. ಬಾಯಿ ತೆರೆದಳು. ಎಲ್ಲರ ಕಣ್ಣೂ ಅವಳ ಮೇಲೆ. ಕಲ್ಲುಕುಟಿಗ ಮನೆ ಮುಂದಿನ ಕಲ್ಲನ್ನೇ ಕೊಟ್ಟಿದ್ದಾನೆ, ಹೆತ್ತ ತಾಯಿ ಒಂದು ಚಿಟಿಕೆ ಅರಿಶಿನ ಕೊಡುವುದೇ? ಕಿಟಕಿಯಲ್ಲಿ ಮಗಳು ಎದ್ದು ನಿಂತಿದ್ದಳು, ಎದೆಗೆ ಏನನ್ನೋ ಒತ್ತಿಕೊಂಡಿದ್ದಳು. ‘ಜೊತೆಗೆ ನಮ್ಮ ತೊಟ್ಟಿಲೂ ತಗೊಂಡು ಬಾ’ ಎಂದಿದ್ದಳಲ್ಲ.

“ಹೌದು” ಎಂದಳು ಸುತ್ತಿನಮ್ಮ. “ಜೊತೆಗೆ ನಮ್ಮನೆ ತೊಟ್ಟಿಲು.”

ಚಾವಡಿ ಗದ್ಗದವಾಯಿತು. ಅವಳು ಗಂಟು ಹಾಕಿದಳು.

ಸೋಮಾರಿಗಳ ಊರಲ್ಲ ಅದು, ಅಷ್ಟು ಹೇಳಬೇಕು. ಎಲ್ಲರೂ ಮೈ ಬಗ್ಗಿಸಿ ದುಡಿದರು. ದರ್ಜಿ ಬೆರಳು ಚುಚ್ಚಿಸಿಕೊಂಡು ಮೇಲ್ಕಟ್ಟು ಹೊಲಿದ. ಬೀಗಿತಿ ಮಣ್ಣು ತುಳಿದು ಒಲೆ ಹೂಡಿದಳು. ಲಂಗರುಗಲ್ಲನ್ನು ಗಟ್ಟಿಮುಟ್ಟಾದ ಆಳುಗಳು ಉರುಳಿಸಿ ತಂದರು. ಹಂಸಕ್ಕೆ ಕಣ್ಣು ಬರೆದರು. ತೊಟ್ಟಿಲನ್ನು ಹೊತ್ತು ಇಳಿಸುವಾಗ ಗಿಳಿಯೊಂದರ ಕೊಕ್ಕು ಮುರಿಯಿತು, ಅದನ್ನು ಅಂಟಿಸಿಯೇ ದೋಣಿಗೆ ಏರಿಸಿದರು. ಮೇಷ್ಟ್ರು ಪೀಠದ ಮೇಲೆ ಕಾಲು ಮಡಚಿ ಕೂತರು. ದೋಣಿ ಅಂಚಿನವರೆಗೆ ಮುಳುಗಿ, ಗಂಟೆ ಬಾರಿಸುತ್ತಾ, ಒಲೆಯ ಹೊಗೆ ಬಿಡುತ್ತಾ ಹೊರಟಿತು. ಹೊತ್ತು ಇಳಿಯುತ್ತಿತ್ತು. ಮಾಳಿಗೆ ಎನ್ನುವುದು ನೀರಿಗೆ ಸಮನಾಗಿ ಹಾಸಿದ ಒಂದು ಚಾಪೆಯಷ್ಟು ಉಳಿದಿತ್ತು.

ಸುತ್ತಿನಮ್ಮ ಮೊಣಕಾಲವರೆಗೆ ನೀರಿನಲ್ಲಿ ಇಳಿದು ನಿಂತು ನೋಡಿದಳು. ದೋಣಿ ತಲುಪಿತು. ದಡದಲ್ಲಿ ಜನ ಹೋ ಎಂದು ಕೂಗಿದರು. ಮಗಳು ಎದ್ದು ಒಂದು ಕಾಲು ಮುಂದಿಟ್ಟಳು, ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಇನ್ನೊಂದು ಕಡೆಯಿಂದ ನೋಡಿದಳು. ಅಲ್ಲಿ ಹಂಡೆ ಇತ್ತು. ಈ ಕಡೆ ಕಲ್ಲು ಇತ್ತು. ನಡುವೆ ಮೇಷ್ಟ್ರು ಇದ್ದರು. ಅವಳನ್ನು ಕರೆತರಲು ಹೋದ ದೋಣಿಯಲ್ಲಿ ಅವಳು ಕಾಲಿಡುವುದಕ್ಕೆ ಜಾಗ ಇರಲಿಲ್ಲ.

ದೋಣಿಕಾರ ಏನೋ ಹೇಳುತ್ತಾ ಕೈ ಚೆಲ್ಲಿದ. ಮಗಳು ತಲೆಯಾಡಿಸಿದಳು. ಆಮೇಲೆ ಬಾಗಿ, ಎದೆಗೆ ಒತ್ತಿಕೊಂಡಿದ್ದನ್ನು ತೊಟ್ಟಿಲಲ್ಲಿ ಮಲಗಿಸಿದಳು. ಕೆಂಪು ಸೆರಗನ್ನು ಹರಿದು ಹೊದಿಸಿದಳು. ಹೊದಿಸಿದ್ದನ್ನು ಸರಿ ಮಾಡಿದಳು. ಮತ್ತೊಮ್ಮೆ ಸರಿ ಮಾಡಿದಳು.

ದೋಣಿಕಾರ ಲಂಗರುಗಲ್ಲಿನ ಮೇಲೆ ಕೈ ಇಟ್ಟು ದಡದ ಕಡೆ ತಿರುಗಿದ. ಅವನು ಏನು ಕೇಳುತ್ತಿದ್ದಾನೆ ಎಂದು ಸುತ್ತಿನಮ್ಮನಿಗೆ ತಿಳಿಯಿತು. ಈ ಕಲ್ಲು ಇರಲೇಬೇಕೇ? ಪಕ್ಕದಲ್ಲಿ ಕಲ್ಲುಕುಟಿಗ ನಿಂತಿದ್ದ. ಬೇಡ ಎನ್ನಬೇಕಾಗಿತ್ತು ಅವಳು. ಆ ಕಲ್ಲು ಬೇಡ, ಹಂಡೆ ಬೇಡ, ನನ್ನ ತೊಟ್ಟಿಲು ಬೇಡ, ನನ್ನ ಮಗಳನ್ನು ಕೂರಿಸಿಕೋ. ಬಾಯಿ ತೆರೆದಳು, ಹೊಟ್ಟೆಯ ತಳದಿಂದ ಕೂಗಿದಳು. ಹುಟ್ಟಿದಾಗಿನಿಂದ ಆಡದ ಮಾತು ಬೇಕೆಂದಾಗ ನಾಲಗೆಗೆ ಬರಲಿಲ್ಲ.

“ಹೌದು” ಎಂದು ಕೂಗಿದಳು.

ಸುತ್ತಿನಮ್ಮನೇ ಅಂದ ಮೇಲೆ ಇನ್ನೇನು? ದಡದ ಉದ್ದಕ್ಕೂ ಜನ ಹೌದು, ಹೌದು ಎಂದು ಕೂಗಿದರು. ದೋಣಿಕಾರ ಕಲ್ಲಿನಿಂದ ಕೈ ತೆಗೆದ. ಗಂಟೆ ಬಾರಿಸಿತು, ದೋಣಿ ತಿರುಗಿತು.

ಮಗು ದಡ ಸೇರಿದಾಗ ನಿದ್ದೆ ಮಾಡುತ್ತಿತ್ತು. ದೋಣಿಕಾರ ಮಾತ್ರ ಈಗ ನಾಚಿಕೆ, ಹೆಮ್ಮೆ ಎಲ್ಲ ಬಿಟ್ಟು ಕೈ ಮುಗಿಯುತ್ತಿದ್ದ.

“ಎಲ್ಲಾ ಇಳಿಸ್ಬುಡಿ. ಖಾಲಿ ದೋಣೀಲಿ ಇನ್ನೊಂದು ಸಲ ಹೋಗ್ತೀನಿ” ಎಂದ.

“ಹೌದು” ಎಂದರು ಮೇಷ್ಟ್ರು ಮೃದುವಾಗಿ. “ಆದರೆ ಅದು ಬೇರೆ ಉಪಾಯ ಅಲ್ಲವೇನಪ್ಪಾ?”

ಸುತ್ತಿನಮ್ಮ ಮಗುವನ್ನು ಎತ್ತಿಕೊಂಡು ಗುಡ್ಡ ಹತ್ತಿದಳು. ದೀಪ ಹಚ್ಚಿದಳು. ಹೊಸ ಗೂಟಕ್ಕೆ ಹೊಸ ನೂಲು ಸಿಕ್ಕಿಸಿದಳು. ದೋಣಿಕಾರ, ಖಾಲಿ ದೋಣಿ ಎಂದ. ದರ್ಜಿ ಹೌದು, ಜೊತೆಗೆ ಎಂದ. ಬೀಗಿತಿ ಹೌದು, ಜೊತೆಗೆ ಎಂದಳು. ಉಂಡೆ ಗಂಟೆಯವನ ಕೈಯಲ್ಲಿದ್ದಾಗ ಸುತ್ತಿನಮ್ಮ ಕಿಟಕಿ ನೋಡಿದಳು. ಹೊಳೆ ಇತ್ತು. ಕೆಂಪು ಬಣ್ಣ ಎಲ್ಲೂ ಇರಲಿಲ್ಲ. ಅದನ್ನು ಕಂಡವಳು ಅವಳೊಬ್ಬಳೇ, ಉಳಿದವರಿಗೆ ಬೆನ್ನಿಗೆ ಕಣ್ಣಿಲ್ಲ. ಅವಳು ಬಾಯಿ ಬಿಡಲಿಲ್ಲ. ಉಂಡೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗಿ ಮರಳಿ ಬರುವವರೆಗೆ ಕೂತಿದ್ದು, ಒಂದು ಚಿಟಿಕೆ ಅರಿಶಿನ ಸೇರಿಸಿ ಗಂಟು ಹಾಕಿದಳು.

ನೀರು ಇಳಿಯಿತು. ಕೆಸರು ಬಳಿದು ಎಸೆದ ಮೇಲೆ ಊರಿಗೆ ಒಂದು ಬಗೆಯ ಹುರುಪು ಬಂತು. ಇಷ್ಟು ವರ್ಷಗಳಲ್ಲಿ ಅವರ ಉಪಾಯವೊಂದು ನಿಜವಾಗಿ ನೀರಿಗಿಳಿದು ಒಂದು ಜೀವ ಉಳಿಸಿತ್ತು. ತೊಟ್ಟಿಲು ಇಲ್ಲದೆ ಇದ್ದಿದ್ದರೆ ಮಗುವಿನ ಗತಿ ಏನು ಎಂದು ಸುತ್ತಿನಮ್ಮನನ್ನು ಬೀದಿಯಲ್ಲಿ ನಿಲ್ಲಿಸಿ ಹೊಗಳಿದರು. ದೋಣಿಯನ್ನು ಇದ್ದ ಹಾಗೆಯೇ ಹೊತ್ತು ತಂದು ಮಾದರಿ ಕೋಣೆಯ ನಡುವೆ ನಿಲ್ಲಿಸಿದರು. ತೊಟ್ಟಿಲಲ್ಲಿ ಬಟ್ಟೆಯ ಒಂದು ಮಗು ಮಲಗಿಸಿದರು. ಮಗಳ ಗೊಂಬೆ ಮಾಡಲಿಲ್ಲ. ಅವಳು ಯಾರ ಉಪಾಯದಲ್ಲೂ ಬಂದಿರಲಿಲ್ಲ.

ಅಳಿಯ ಕಾಡಿನಿಂದ ದಿಮ್ಮಿ ಎಳೆದುಕೊಂಡು ಬಂದ. ಮಗುವನ್ನು ಒಮ್ಮೆ ನೋಡಿದ. ಸುತ್ತಿನಮ್ಮನನ್ನು ಕೇಳಿದ್ದು ಒಂದೇ ಮಾತು.

“ದೋಣಿ ಹೋಗಿತ್ತಾ?”

“ಹೋಗಿತ್ತಪ್ಪಾ.”

ಅವನು ದಿಮ್ಮಿಯನ್ನು ಹಿತ್ತಲಿಗೆ ಎಳೆದುಕೊಂಡು ಹೋದ.

ಪರಿಹಾರದ ಸುತ್ತು ಕೂಡುವ ದಿನ ಬಂತು. ಹೊಳೆ ಹೋದ ಮೇಲೆ ಮುರಿದದ್ದನ್ನು ಕಟ್ಟುವುದಕ್ಕೆ ಕೂಡುವ ಸುತ್ತು ಅದು. ಸುತ್ತಿನಮ್ಮ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು. ಕಲ್ಲುಕುಟಿಗ ಮೊದಲು ನೂಲು ಹಿಡಿದು, “ಆ ತಾಯಿ ನೆನಪಿಗೆ ಮಾಳಿಗೆ ಮೇಲೆ ಒಂದು ಕಲ್ಲು ನಿಲ್ಲಿಸೋಣ. ಕಲ್ಲು ನಂದೇ” ಎಂದ.

“ಬೇಡ” ಎಂದಳು ಸುತ್ತಿನಮ್ಮ.

ಎಳೆಯರಿಗೆ ಅದು ಏನು ಮಾತೆಂದೇ ತಿಳಿಯಲಿಲ್ಲ. ಮುದುಕನೊಬ್ಬ ಕಿವಿ ಮುಚ್ಚಿಕೊಂಡ. ಸುತ್ತಿನಮ್ಮನ ನಾಲಗೆ ಉರಿಯುತ್ತಿತ್ತು. ಎಷ್ಟೋ ದಿನ ಒಬ್ಬಳೇ ಕೂತು, ಮಗು ಮಲಗಿದ ಮೇಲೆ ಗೋಡೆಗೆ ಮುಖ ಮಾಡಿ ಕಲಿತ ಮಾತು ಅದು. ಈಗ ಬಂತು. ಆಗ ಬರಲಿಲ್ಲ.

“ಬೇಡ” ಎಂದಳು ಮತ್ತೆ. “ಕಲ್ಲೂ ಬೇಡ, ನೂಲೂ ಬೇಡ. ನಾವೆಲ್ಲ ಸೇರಿ ಅವಳನ್ನ ಮುಳುಗಿಸಿದ್ವಿ. ನಾನೂ ಸೇರಿ. ಇನ್ನು ಈ ಸುತ್ತೇ ಬೇಡ.”

ಯಾರಾದರೂ ಎದ್ದು ಬೈಯಬಹುದಿತ್ತು. ಕಲ್ಲೆಸೆಯಬಹುದಿತ್ತು. ಅವಳು ಅದಕ್ಕೆ ತಯಾರಾಗಿಯೇ ಬಂದಿದ್ದಳು, ಮಗುವಿನ ತಲೆಗೆ ಕೈ ಅಡ್ಡ ಹಿಡಿದಿದ್ದಳು. ಮೇಷ್ಟ್ರು ಎದ್ದರು. ಅವರ ಕಣ್ಣು ತುಂಬಿ ಬಂದಿತ್ತು.

“ಹೌದು” ಎಂದರು ಮೇಷ್ಟ್ರು. “ಎಂಥ ಉಪಾಯ ತಾಯಿ! ಜೊತೆಗೆ, ಆ ಮಾತನ್ನು ಹೇಳೋಕೆ ಒಂದು ದಿನ ಗೊತ್ತು ಮಾಡೋಣ.”

“ಹೌದು. ಜೊತೆಗೆ ಹೇಳೋ ಮೊದಲು ಒಂದು ಗಂಟೆ” ಎಂದ ಗಂಟೆಯವನು.

“ಹೌದು. ಜೊತೆಗೆ ಹೇಳೋರಿಗೆ ಒಂದು ನಿಲುವಂಗಿ” ಎಂದ ದರ್ಜಿ.

ಉಂಡೆ ಅವಳ ಕಣ್ಣೆದುರಿಗೇ ದಪ್ಪವಾಯಿತು. ಬೇಡ ಎನ್ನುವ ಮಾತಿಗೆ ಪೀಠ ಬಂತು, ಮೇಲ್ಕಟ್ಟು ಬಂತು, ಹೇಳುವ ಮೊದಲು ಎಲ್ಲರ ಒಪ್ಪಿಗೆ ಪಡೆಯಬೇಕೆಂಬ ಕಟಕಟೆ ಬಂತು. ಅವಳ ಕೈಗೆ ಮರಳುವ ಹೊತ್ತಿಗೆ ಅದನ್ನು ಎತ್ತುವುದೇ ಕಷ್ಟವಾಗಿತ್ತು. ಅವಳು ಗಂಟು ಹಾಕಲಿಲ್ಲ. ಉಂಡೆಯನ್ನು ನೆಲದ ಮೇಲೆ ಇಟ್ಟು, ಮಗುವನ್ನು ಎತ್ತಿಕೊಂಡು ಎದ್ದು ಹೋದಳು. ದರ್ಜಿಯ ಹೆಂಡತಿ ಬಂದು ಪೀಠದಲ್ಲಿ ಕೂತು ಗಂಟು ಹಾಕಿದಳು. ಆಮೇಲೆ ಆ ಮಾತನ್ನು ಒಳ್ಳೆಯ ಮರದಲ್ಲಿ ಕೆತ್ತಿ, ಬಣ್ಣ ಬಳಿದು, ಮಾದರಿ ಕೋಣೆಯಲ್ಲಿ ಹೊಸ ಹಲಗೆ ಹೊಡೆದು ಇಟ್ಟರು. ಪರಊರಿನವರು ದೋಣಿಗಿಂತ ಅದನ್ನೇ ಹೆಚ್ಚು ಹೊತ್ತು ನೋಡುತ್ತಾರಂತೆ.

ಸುತ್ತಿನಮ್ಮ ಕೆಳಗೇರಿಯಲ್ಲಿ ಮಗಳ ಮನೆಗೇ ಬಂದು ಇದ್ದುಬಿಟ್ಟಳು. ಅಳಿಯ ತಾನು ತಂದ ದಿಮ್ಮಿಯನ್ನು ಯಾರಿಗೂ ಹೇಳದೆ ಕೊರೆದು ಒಂದು ಸಣ್ಣ ದೋಣಿ ಮಾಡಿ ಜಗಲಿಯ ಕಂಬಕ್ಕೆ ಕಟ್ಟಿ, ಮತ್ತೆ ಕಾಡಿನ ಕೆಲಸಕ್ಕೆ ಹೊರಟುಹೋದ. ಮೇಲ್ಕಟ್ಟಿಲ್ಲ, ಗಂಟೆಯಿಲ್ಲ, ಏನೂ ಇಲ್ಲದ ದೋಣಿ.

ಏನೂ ಇಲ್ಲದ ದೋಣಿಯನ್ನು ಆ ಊರಿನಲ್ಲಿ ಇಟ್ಟುಕೊಳ್ಳುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಅದರಲ್ಲಿ ಯಾರೋ ಒಂದು ಚಾಪೆ ಇಟ್ಟಿರುತ್ತಿದ್ದರು. ಅಜ್ಜಿಗೆ ಕೂರಲು ಮೆತ್ತಗಿರಲಿ ಎಂದು. ಇನ್ನೊಂದು ದಿನ ಒಂದು ಮಡಕೆ, ಇನ್ನೊಂದು ದಿನ ಹೂವಿನ ಕುಂಡ. ಬೀಗಿತಿಯೂ ಒಮ್ಮೆ ಕಣ್ಣೀರು ಹಾಕುತ್ತಾ ಒಂದು ಸೌದೆ ಹೊರೆ ತಂದು ಇಟ್ಟು ಹೋದಳು. ಸುತ್ತಿನಮ್ಮ ಯಾರನ್ನೂ ಏನೂ ಅನ್ನಲಿಲ್ಲ. ದಿನಾ ಬೆಳಿಗ್ಗೆ ಸೆರಗು ಸಿಕ್ಕಿಸಿ, ಇದ್ದದ್ದನ್ನೆಲ್ಲ ಹೊಳೆಗೆ ಎಸೆದು, ದೋಣಿಯ ತಳ ಒರೆಸಿ ಒಣಗಿಸಿ ಇಡುತ್ತಿದ್ದಳು. ಜನ ಅವಳಿಗೆ ತಲೆ ಕೆಟ್ಟಿದೆ ಎಂದು ಮರುಗಿದರು. ಮರುಗಿ, ಮಾರನೆಯ ದಿನ ಇನ್ನೂ ಒಳ್ಳೆಯದೇನಾದರೂ ತಂದು ಇಟ್ಟರು.

ಮೊಮ್ಮಗಳು ನಡೆಯಲು ಕಲಿತಳು. ಅವಳ ಬಳಿ ಇದ್ದದ್ದು ಒಂದೇ ಆಟಿಕೆ. ಅಮ್ಮನ ಕೆಂಪು ಸೆರಗಿನ ತುಂಡನ್ನು ಸುತ್ತಿ, ದಾರ ಕಟ್ಟಿ ಅಜ್ಜಿಯೇ ಮಾಡಿಕೊಟ್ಟ ಗೊಂಬೆ. ಅದಿಲ್ಲದೆ ಮಗು ಉಣ್ಣುತ್ತಿರಲಿಲ್ಲ, ಮಲಗುತ್ತಿರಲಿಲ್ಲ. ಮತ್ತೆ ಹೊಳೆ ಏರುವ ಕಾಲ ಬಂದಿತ್ತು. ನೀರು ಕಂಬದ ಬುಡಕ್ಕೆ ಬಂದು ದೋಣಿಯನ್ನು ತೂಗುತ್ತಿತ್ತು. ಅಜ್ಜಿ ದಿನಾ ದೋಣಿ ಒರೆಸುವುದನ್ನು ನೋಡುತ್ತಿದ್ದ ಮಗು ಒಂದು ಬೆಳಿಗ್ಗೆ ತಪ್ಪು ಹೆಜ್ಜೆ ಇಡುತ್ತಾ ಬಂದು, ಜಗಲಿಯಿಂದ ಬಾಗಿ, ಗೊಂಬೆಯನ್ನು ದೋಣಿಯೊಳಗೆ ಮೆಲ್ಲಗೆ ಮಲಗಿಸಿತು. ಮಲಗಿಸಿ ಅಜ್ಜಿಯ ಕಡೆ ತಿರುಗಿ ನಕ್ಕಿತು.

ಸುತ್ತಿನಮ್ಮ ಗೊಂಬೆಯನ್ನು ಎತ್ತಿದಳು. ಒಂದು ಹಿಡಿಯಷ್ಟೂ ಭಾರವಿಲ್ಲ. ಅದೊಂದು ಇದ್ದರೆ ಏನಾಗುತ್ತದೆ ಎಂದು ಅವಳ ಒಳಗೇ ಯಾರೋ ಹಳೆಯ ದನಿಯಲ್ಲಿ ಹೇಳಿದರು. ಕೆಂಪು ಬಟ್ಟೆ ಕೈಯಲ್ಲಿ ಬೆಚ್ಚಗಿತ್ತು.

“ಬೇಡ” ಎಂದಳು.

ಗೊಂಬೆಯನ್ನು ಹೊಳೆಗೆ ಎಸೆದಳು. ಅದು ಸ್ವಲ್ಪ ದೂರ ಕೆಂಪಗೆ ತೇಲಿತು, ಆಮೇಲೆ ಕಾಣಲಿಲ್ಲ. ಮಗು ಕಿರುಚಿಕೊಂಡು ಅತ್ತಿತು, ನೆಲಕ್ಕೆ ಬಿದ್ದು ಹೊರಳಿತು, ಅಜ್ಜಿಯ ಕಾಲಿಗೆ ಹೊಡೆಯಿತು. ಅಕ್ಕಪಕ್ಕದವರು ಓಡಿ ಬಂದರು. ಸುತ್ತಿನಮ್ಮ ಅದನ್ನು ಎತ್ತಿಕೊಳ್ಳಲಿಲ್ಲ, ಸಮಾಧಾನ ಮಾಡಲಿಲ್ಲ. ಬಟ್ಟೆ ತೆಗೆದುಕೊಂಡು ಗೊಂಬೆ ಮಲಗಿದ್ದ ಜಾಗವನ್ನು ಒರೆಸಿದಳು.

ಗುಡ್ಡದ ಮೇಲೆ ಗಂಟೆ ಬಾರಿಸಿತು. ಬಂದವರೆಲ್ಲ ಆ ಕಡೆ ಹೊರಟರು. ಅವಳು ಅಳುತ್ತಿದ್ದ ಮಗುವನ್ನು ರಟ್ಟೆ ಹಿಡಿದು ಎತ್ತಿ ದೋಣಿಯಲ್ಲಿ ಕೂರಿಸಿ, ತಾನೂ ಹತ್ತಿ, ಹಗ್ಗ ಬಿಚ್ಚಿದಳು.